ವಿಕಿರಣದ ಗಾಯಕ್ಕೆ ಹಿತ್ತಲ ಗಿಡ ಮದ್ದೇ?

(ಮಠದ ಮಾಸಿಕ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಾನು ವೈದ್ಯನಲ್ಲ, ಸರ್ಕಾರಿ ಸೇವೆಯಿಂದ ನಿವೃತ್ತನಾದ ಇಂಜಿನಿಯರ್. ಆದರೂ ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಬಾಯಿ, ಗಂಟಲು, ಸ್ತನದ ಕ್ಯಾನ್ಸರ್ ಆದವರಿಗೆ ವಿಕಿರಣ ಚಿಕಿತ್ಸೆ ಕೊಡುತ್ತಾರೆ. ನಮ್ಮ ಜನ ಅದನ್ನು 'ಕರೆಂಟ್ ಕೊಡೋದು' ಅನ್ನುತ್ತಾರೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಚರ್ಮ ಕೆಂಪಾಗಿ ಉರಿಯುತ್ತದೆ. ಕೆಲವರಿಗೆ ಸಿಪ್ಪೆ ಎದ್ದು ನೀರು ಒಸರುತ್ತದೆ. ಆಗ ನೋಡಲು ಬಂದ ನೆಂಟರು ಒಬ್ಬೊಬ್ಬರು ಒಂದೊಂದು ಸೊಪ್ಪು ಹೇಳುತ್ತಾರೆ. ಯಾವುದನ್ನು ನಂಬುವುದು?

ಮೊದಲು ಗಾಯದ ಸ್ವಭಾವ ತಿಳಿಯೋಣ. ಹೆಸರು ಕರೆಂಟ್ ಆದರೂ ಅದು ವಿದ್ಯುತ್ ಅಲ್ಲ, ಬಲವಾದ ಎಕ್ಸ್-ರೇ. ಚರ್ಮದ ತಳದ ಪದರದಲ್ಲಿ ಹೊಸ ಜೀವಕೋಶಗಳು ಸದಾ ಹುಟ್ಟುತ್ತಿರುತ್ತವೆ. ವಿಕಿರಣ ಅವಕ್ಕೆ ಪೆಟ್ಟು ಕೊಡುತ್ತದೆ. ಮೇಲಿನ ಚರ್ಮ ಎಂದಿನಂತೆ ಉದುರುತ್ತದೆ, ಕೆಳಗಿನಿಂದ ಬದಲಿ ಬರುವುದಿಲ್ಲ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಉರಿ ಹೆಚ್ಚಾಗಬಹುದು. ಹೀಗಾಗಿ ಒಲೆಯ ಬೆಂಕಿ ತಾಗಿದ ಗಾಯಕ್ಕೆ ಹಚ್ಚುವ ಮದ್ದು ಇದಕ್ಕೂ ಆಗುತ್ತದೆಂದು ಹೇಳಲಾಗದು.

ಸಸ್ಯದಿಂದ ಉಪಯೋಗವೇ ಇಲ್ಲವೇ? ಇದೆ. ಚೀನಾದ ಶಾಂಡಾಂಗ್ ಪ್ರಾಂತ್ಯದ ವೈದ್ಯರು ಹಸಿರು ಚಹಾದಲ್ಲಿರುವ ಇಜಿಸಿಜಿ ಎಂಬ ಅಂಶವನ್ನು ಬೇರ್ಪಡಿಸಿ, ಗೊತ್ತಾದ ಪ್ರಮಾಣದ ದ್ರಾವಣ ಮಾಡಿ ಸ್ತನ ಕ್ಯಾನ್ಸರ್ ರೋಗಿಗಳ ಚರ್ಮಕ್ಕೆ ಸಿಂಪಡಿಸಿದರು. ಇನ್ನೊಂದು ಗುಂಪಿಗೆ ಔಷಧವಿಲ್ಲದ ದ್ರಾವಣ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಿನ ಗಾಯವಾದವರು ಔಷಧವಿಲ್ಲದ ಗುಂಪಿನಲ್ಲಿ ಶೇ. 72, ಔಷಧದ ಗುಂಪಿನಲ್ಲಿ ಶೇ. 50. ಫ್ರಾನ್ಸ್‌ನಲ್ಲಿ 2004ರಲ್ಲಿ 254 ಮಹಿಳೆಯರ ಮೇಲೆ ನಡೆದ ಪರೀಕ್ಷೆಯಲ್ಲಿ ಕ್ಯಾಲೆಂಡುಲಾ ಹೂವಿನ ಮುಲಾಮು ಈ ಪ್ರಮಾಣವನ್ನು ಶೇ. 63ರಿಂದ 41ಕ್ಕೆ ಇಳಿಸಿತು. ಒಂದು ಎಚ್ಚರಿಕೆ: ಇಂಗ್ಲಿಷಿನಲ್ಲಿ ಎರಡನ್ನೂ ಮಾರಿಗೋಲ್ಡ್ ಅನ್ನುತ್ತಾರಾದರೂ, ಕ್ಯಾಲೆಂಡುಲಾ ನಮ್ಮ ಚೆಂಡುಹೂವಲ್ಲ.

ಇನ್ನು ನಮ್ಮ ಹಿತ್ತಲಿನ ಲೋಳೆಸರ. 1935ರಲ್ಲೇ ಅಮೆರಿಕದ ವೈದ್ಯರು ಇದರಿಂದ ಎಕ್ಸ್-ರೇ ಗಾಯ ವಾಸಿಯಾದ ವರದಿ ಬರೆದರು. ಹೆಸರು ಬಂದದ್ದು ಅಲ್ಲಿಂದ. ಮುಂದೆ ಎರಡು ಗುಂಪು ಮಾಡಿ ಹೋಲಿಸಿದಾಗ ಆ ಗುಣ ಕಾಣಲಿಲ್ಲ. ಆಸ್ಟ್ರೇಲಿಯಾದ 2002ರ ಪರೀಕ್ಷೆಯಲ್ಲಿ ಸಾಧಾರಣ ಕ್ರೀಮೇ ಲೋಳೆಸರಕ್ಕಿಂತ ಮೇಲೆನಿಸಿತು. ಅರಿಸಿನದ ಕಥೆಯೂ ಹೀಗೇ. ಅದರ ಕರ್ಕ್ಯುಮಿನ್ ಅಂಶವನ್ನು ಮಾತ್ರೆಯಾಗಿ ಕೊಟ್ಟಾಗ 2013ರಲ್ಲಿ 30 ರೋಗಿಗಳಲ್ಲಿ ಗುಣ ಕಂಡಿತು. 2018ರಲ್ಲಿ 686 ರೋಗಿಗಳಲ್ಲಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಮ್ಮ ಮಂಗಳೂರಿನಲ್ಲಿ ಅರಿಸಿನ-ಗಂಧದ ಕ್ರೀಮನ್ನು ತಲೆ-ಕತ್ತಿನ ಕ್ಯಾನ್ಸರ್‌ನ 50 ರೋಗಿಗಳಿಗೆ ಹಚ್ಚಿ ಒಳ್ಳೆಯ ಫಲ ಕಂಡಿದ್ದಾರೆ. ಅದಕ್ಕೂ ದೊಡ್ಡ ಪರೀಕ್ಷೆ ಬೇಕು.

ಸೇತುವೆಗೆ ಕಾಂಕ್ರೀಟ್ ಹಾಕುವಾಗ ಅದರ ಕ್ಯೂಬ್ ಮಾಡಿ, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒಡೆದು ನೋಡುತ್ತೇವೆ. ಸಿಮೆಂಟ್ ಯಾವ ಕಂಪನಿಯದು, ಮೇಸ್ತ್ರಿ ಎಷ್ಟು ಹಳಬ ಎಂದು ಯಂತ್ರ ಕೇಳುವುದಿಲ್ಲ. ಗಿಡಕ್ಕೂ ಅದೇ ನ್ಯಾಯ. ಹಳೆಯದು ಎಂಬ ಗೌರವವಾಗಲಿ, ನಾಟಿ ಎಂಬ ತಾತ್ಸಾರವಾಗಲಿ ಬೇಡ. ನಡೆದು ತೋರದ ನುಡಿಯನ್ನು ಶರಣರು ಒಪ್ಪಲಿಲ್ಲ. ಮದ್ದಿನ ವಿಷಯದಲ್ಲಿ ನಾವೇಕೆ ಒಪ್ಪಬೇಕು?

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಬೆಚ್ಚಗಿನ ನೀರು, ಸೌಮ್ಯವಾದ ಸೋಪಿನಿಂದ ಮೃದುವಾಗಿ ತೊಳೆಯಿರಿ, ಉಜ್ಜಬೇಡಿ. ಸಡಿಲವಾದ ಹತ್ತಿಬಟ್ಟೆ ತೊಡಿ. ಶಿವದಾರ, ಕರಡಿಗೆ ಆ ಜಾಗಕ್ಕೆ ತಾಗುತ್ತಿದ್ದರೆ ಬೇರೆ ಕಡೆ ಧರಿಸಿ. ಸಿಪ್ಪೆ ಎದ್ದ ಜಾಗಕ್ಕೆ ವಿಭೂತಿ, ಪೌಡರ್, ಹಸಿ ಸೊಪ್ಪಿನ ರಸ ಬೇಡ, ಸೋಂಕು ತಗಲುತ್ತದೆ. ಹಸಿರು ಚಹಾ ಕುದಿಸಿ ಸುರಿಯುವುದೂ ಬೇಡ. ಆ ವೈದ್ಯರು ಬಳಸಿದ್ದು ಅಳತೆಯ ಔಷಧ, ಚಹಾ ಅಲ್ಲ. ಏನನ್ನೇ ಹಚ್ಚುವ ಮೊದಲು ಚಿಕಿತ್ಸೆ ಕೊಡುವವರನ್ನು ಕೇಳಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಉರಿ ತಾಳಲಾರದೆ 'ಗಾಯ ಮಾಯಲಿ, ಆಮೇಲೆ ಹೋಗೋಣ' ಎಂದು ನಡುವೆ ನಿಲ್ಲಿಸಬೇಡಿ. ನಿಲ್ಲಿಸಿದ ದಿನಗಳಲ್ಲಿ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಬಾಯಿ, ಗಂಟಲಿನ ಕ್ಯಾನ್ಸರ್‌ನಲ್ಲಂತೂ ಈ ತಡ ಪ್ರಾಣಕ್ಕೇ ಎರವಾಗಬಹುದು. ಉರಿ ಹೆಚ್ಚಾದರೆ ಅಂದೇ ವೈದ್ಯರಿಗೆ ತೋರಿಸಿ. ಬಹುತೇಕರಿಗೆ ಈ ಚರ್ಮದ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ನೋಡಲು ಹೋಗುವ ನಾವು ಸೊಪ್ಪು ಒಯ್ಯುವ ಬದಲು, ಅವರನ್ನು ಒಂದು ದಿನ ಆಸ್ಪತ್ರೆಗೆ ಕರೆದೊಯ್ದು ಬಂದರೆ ಅದೇ ದಾಸೋಹ.