ಒಂದೇ ಹೆಸರಿನ ಎರಡು ಕಾರುಗಳು

ಕಂಪಲಾಪುರದಲ್ಲಾಗಲಿ ಕಟ್ಟೆಮಳಲವಾಡಿಯಲ್ಲಾಗಲಿ ಹೊಗೆಸೊಪ್ಪಿನ ಹರಾಜನ್ನು ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಒಂದೇ ಹೊಲದ, ಒಂದೇ ಗಿಡದ ಎಲೆಗಳಾದರೂ ಅವು ಒಂದೇ ಬೆಲೆಗೆ ಹೋಗುವುದಿಲ್ಲ. ಎಲೆ ಗಿಡದ ಬುಡದ್ದೋ, ನಡುವಿನದೋ, ತುದಿಯದೋ. ಬ್ಯಾರನ್ನಿನ ಕಾವಿನಲ್ಲಿ ಅದಕ್ಕೆ ಬಂದ ಬಣ್ಣವೆಂಥದು. ಕಲೆಗಳೆಷ್ಟು, ಇವನ್ನೆಲ್ಲ ನೋಡಿ ದರ್ಜೆ ಕಟ್ಟುತ್ತಾರೆ. ಬೆಲೆಯ ಮಾತು ಆಮೇಲಿನದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಬೆಳೆಗಾರನಿಗೆ, ಹೆಸರು ಒಂದಾದ ಮಾತ್ರಕ್ಕೆ ಮಾಲು ಒಂದಲ್ಲವೆಂಬುದು ಹೊಸ ಪಾಠವೇನೂ ಅಲ್ಲ. ಆದರೆ ಹರಾಜು ಕೈಹಿಡಿದ ವರ್ಷ ಅದೇ ಬೆಳೆಗಾರ ಮೈಸೂರಿಗೆ ಹೋಗಿ ಕಾರೊಂದನ್ನು ಕೊಳ್ಳುವಾಗ ಆ ಪಾಠವನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದುಂಟು. ಹಿಂಬದಿಯಲ್ಲಿ ಹೊಳೆಯುವ ಹೆಸರನ್ನು ನೋಡಿ, ಪರದೇಶದಲ್ಲಿ ಓಡುವ ಕಾರೇ ತನ್ನ ಅಂಗಳಕ್ಕೂ ಬಂದಿತೆಂದು ಆತ ಹಿಗ್ಗುತ್ತಾನೆ.

ಕಾರು ತಯಾರಕರು ದೇಶದೇಶಕ್ಕೆ ಬೇರೆ ಬೇರೆ ಸಜ್ಜನ್ನು ಕೊಡುವುದು ಹಳೆಯ ಪದ್ಧತಿ. ಅದೆಲ್ಲವೂ ಮೋಸವಲ್ಲ. ನಮ್ಮಲ್ಲಿ ಚುಕ್ಕಾಣಿ ಬಲಕ್ಕೆ, ಜರ್ಮನಿಯಲ್ಲಿ ಎಡಕ್ಕೆ. ಹಿಮ ಬೀಳುವ ನಾಡಿಗೆ ಬಿಸಿಯಾಗುವ ಆಸನ ಬೇಕು. ನಮ್ಮ ಹಳ್ಳಿಯ ಹಾದಿಗೆ ನೆಲದಿಂದ ತುಸು ಎತ್ತರ ನಿಂತ ಒಡಲು ಬೇಕು. ಚಳಿಗಾಲದ ಹಗಲು ಮಸುಕಾಗಿರುವ ಸ್ವೀಡನ್ನಿನಲ್ಲಿ 1977ರಿಂದ ಹಗಲಿನಲ್ಲೂ ದೀಪ ಉರಿಸುವುದು ಕಡ್ಡಾಯವಾಯಿತು. ಅಲ್ಲಿನ ಕಾರುಗಳು ಅದಕ್ಕೆ ತಕ್ಕಂತೆ ಸಿದ್ಧವಾದವು. ಕೆಲವೊಮ್ಮೆ ಸಿರಿವಂತ ದೇಶಕ್ಕೇ ಕಡಮೆ ಸಿಗುವುದೂ ಉಂಟು. ಫ್ರಾನ್ಸಿನ ಸಿಟ್ರೊಯೆನ್ ಕಾರಿಗೆ 1967ರಲ್ಲಿ, ತಿರುವಿನ ಕಡೆಗೆ ತಾವೇ ಹೊರಳುವ ದೀಪಗಳು ಬಂದವು. ಅಮೆರಿಕದ ಕಾಯಿದೆ ಅವನ್ನು ಒಪ್ಪಲಿಲ್ಲ. ಅಲ್ಲಿಗೆ ಹೋದ ಕಾರುಗಳು ಆ ದೀಪಗಳಿಲ್ಲದೆಯೇ ಹೋದವು.

ಹವೆ, ರಸ್ತೆ, ಕಾಯಿದೆ, ಇವು ಮಾಡುವ ವ್ಯತ್ಯಾಸವನ್ನು ನಾವು ಒಪ್ಪಬಹುದು. ಆದರೆ ಮನುಷ್ಯನ ಎದೆಗೂಡು ದೇಶದಿಂದ ದೇಶಕ್ಕೆ ಬೇರೆಯಾಗುವುದಿಲ್ಲ. ಹ್ಯುಂಡೈ ಕಂಪನಿಯ ಐ10 ಕಾರು ಚೆನ್ನೈ ಸಮೀಪದ ಕಾರ್ಖಾನೆಯಲ್ಲಿ ತಯಾರಾಗಿ ಯೂರೋಪಿಗೂ ಹೋಗುತ್ತಿತ್ತು. 2008ರಲ್ಲಿ ಯೂರೋಪಿನ ಅಪಘಾತ ಪರೀಕ್ಷೆಯಲ್ಲಿ ಅದು ನಾಲ್ಕು ನಕ್ಷತ್ರಗಳನ್ನು ಗಳಿಸಿತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಪೇಟೆಯ ಐದು ಕಾರುಗಳ ಪರೀಕ್ಷಾಫಲವನ್ನು ಪ್ರಕಟಿಸಿತು: ಆಲ್ಟೊ, ನ್ಯಾನೊ, ಫಿಗೊ, ಪೋಲೊ ಮತ್ತು ಇದೇ ಐ10. ಎಲ್ಲವೂ ಏರ್‌ಬ್ಯಾಗ್ ಎಂಬ ಗಾಳಿಚೀಲವಿಲ್ಲದ, ಅಗ್ಗದ ದರ್ಜೆಯವು. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡಗಟ್ಟೆಗೆ ಡಿಕ್ಕಿ ಹೊಡೆಸಿದಾಗ, ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಬಂದದ್ದು ಸೊನ್ನೆ. ಗಾಳಿಚೀಲಗಳೆರಡನ್ನು ಅಳವಡಿಸಿದ ಪೋಲೊ ಮಾತ್ರ ಮತ್ತೊಂದು ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ಗಾಳಿಚೀಲವಿಲ್ಲದ ಪೋಲೊ ಮಾರಾಟವನ್ನು ಆ ಕಂಪನಿ ನಿಲ್ಲಿಸಿತು.

ಕಂಪನಿಗಳ ಪರವಾದ ವಾದವನ್ನೂ ಕೇಳಬೇಕು. ನಮ್ಮ ಗ್ರಾಹಕ ಸಾವಿರ ರೂಪಾಯಿಗೂ ಲೆಕ್ಕ ಹಾಕುವವನು. ಬೆಲೆ ಏರಿದರೆ ಹೆಂಡತಿ ಮಕ್ಕಳನ್ನು ಸ್ಕೂಟರಿನಲ್ಲಿಯೇ ಕೂರಿಸಿಕೊಂಡು ಹೋಗುತ್ತಾನೆ, ಅದು ಇನ್ನೂ ಅಪಾಯವಲ್ಲವೆ ಎಂದು. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದ 1,68,491 ಜನರಲ್ಲಿ ದ್ವಿಚಕ್ರವಾಹನದವರ ಪಾಲೇ ಎಲ್ಲಕ್ಕಿಂತ ದೊಡ್ಡದು. ಗ್ರಾಹಕನೇ ಆರಿಸಿಕೊಳ್ಳಲಿ ಎಂಬ ಮಾತೂ ಕೇಳಲು ಹಿತವಾಗಿದೆ. ಆದರೆ ಆಯ್ಕೆ ಎಂಬುದು ಹೇಗೆ ಒದಗುತ್ತಿತ್ತು? ಗಾಳಿಚೀಲವೊಂದೇ ಬೇಕೆಂದವನಿಗೆ ಅನೇಕ ವೇಳೆ ಅದು ಬಿಡಿಯಾಗಿ ದೊರೆಯುತ್ತಿರಲಿಲ್ಲ. ಸಂಗೀತದ ಪೆಟ್ಟಿಗೆ, ಮಿರುಗುವ ಚಕ್ರ, ಮೆತ್ತನೆಯ ಹೊದಿಕೆಗಳೊಡನೆ ಮೇಲಿನ ದರ್ಜೆಯ ಕಾರಿನಲ್ಲಿ ಅದೂ ಒಂದು ಅಲಂಕಾರವಾಗಿ ಕುಳಿತಿತ್ತು. ಪ್ರಾಣರಕ್ಷಣೆಯನ್ನು ಶೋಕಿಯ ಗಂಟಿನಲ್ಲಿ ಕಟ್ಟಿಟ್ಟು, ಗಂಟು ಬೇಡವೆಂದವನಿಗೆ ಪ್ರಾಣದ ಆಸೆಯಿಲ್ಲ ಎಂದರೆ ಅದು ನ್ಯಾಯವಾದ ಮಾತೆ?

ಪರದೇಶದವರನ್ನೇ ದೂರಿಯೂ ಫಲವಿಲ್ಲ. ಇಂಥ ಗಡಿಗಳನ್ನು ನಾವೇ ನಮ್ಮೊಳಗೆ ಎಳೆದುಕೊಂಡಿದ್ದೆವು. 1995ರಲ್ಲಿ ಹೊಗೆಯ ವಿಷವನ್ನು ತಗ್ಗಿಸುವ ಸಾಧನ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದದ್ದು ನಾಲ್ಕು ಮಹಾನಗರಗಳಲ್ಲಿ ಮಾತ್ರ. 2010ರಲ್ಲಿ ಭಾರತ್ ಸ್ಟೇಜ್ ನಾಲ್ಕರ ನಿಯಮ ಬೆಂಗಳೂರೂ ಸೇರಿ 13 ನಗರಗಳಿಗೆ ಬಂದಾಗ ಉಳಿದ ನಾಡಿಗೆ ದೊರೆತದ್ದು ಅದಕ್ಕಿಂತ ಕೆಳಗಿನ ಹಂತದ ನಿಯಮ. ದೇಶಕ್ಕೆಲ್ಲ ಅದು ಒಂದಾದದ್ದು 2017ರಲ್ಲಿ. ಬೆಂಗಳೂರಿನವನ ಶ್ವಾಸಕೋಶಕ್ಕೆ ಒಂದು ಅಳತೆ, ಹೆಗ್ಗಡದೇವನಕೋಟೆಯವನದಕ್ಕೆ ಇನ್ನೊಂದು ಎಂಬಂತೆ ಹಲವು ವರ್ಷ ನಡೆಯಿತು.

ಕಾಯಿದೆ ಕೊನೆಗೂ ಎಚ್ಚೆತ್ತಿತು. ಚಾಲಕನ ಮುಂದಿನ ಗಾಳಿಚೀಲ 2019ರ ಜುಲೈ 1ರಿಂದ ಕಡ್ಡಾಯವಾಯಿತು. ಪಕ್ಕದಲ್ಲಿ ಕುಳಿತವರಿಗೂ ಅದು ಬೇಕೆಂಬುದು ಹೊಸ ಮಾದರಿಗಳಿಗೆ 2021ರ ಏಪ್ರಿಲಿನಲ್ಲಿ ಅನ್ವಯಿಸಿತು. ಮೊದಲಿನಿಂದ ಮಾರಾಟದಲ್ಲಿದ್ದವಕ್ಕೆ ಆ ವರ್ಷದ ಕೊನೆಯವರೆಗೆ ಗಡುವು ದೊರೆಯಿತು. ಚಾಲಕ ಉಳಿದರೆ ಸಾಕು, ಬಳಿಯಲ್ಲಿದ್ದ ಹೆಂಡತಿಯೋ ತಾಯಿಯೋ ಕಾಯಲಿ ಎಂದಂತಿತ್ತು ಆ ನಡುವಣ ಕಾಲ. 2023ರ ಅಕ್ಟೋಬರ್ 1ರಂದು ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ನಕ್ಷತ್ರ ಪರೀಕ್ಷೆ ಆರಂಭವಾಯಿತು. ಕಂಪನಿ ಸ್ವಂತ ಇಚ್ಛೆಯಿಂದ ಒಪ್ಪಿಸಿದ ಕಾರಿಗಷ್ಟೇ ಆ ಪರೀಕ್ಷೆ. ಆದರೂ ದರ್ಜೆಯೆಂಬುದೊಂದು ಕೊಳ್ಳುವವನ ಕಣ್ಣಿಗೆ ಬೀಳುವಂತಾಯಿತು.

ಇನ್ನೊಂದು ಮಾತು. 2014ರಲ್ಲಿ ಸೊನ್ನೆ ಪಡೆದ ಕಾರುಗಳ ಜತೆಯವು ಇಂದಿಗೂ ನಮ್ಮ ರಸ್ತೆಗಳಲ್ಲಿವೆ. ಕೈಯಿಂದ ಕೈಗೆ ದಾಟಿ, ಬೆಲೆ ಇಳಿದು, ಊರೂರಿನ ಅಂಗಳಗಳನ್ನು ಅವು ಸೇರಿವೆ. ಹೊಸ ಕಾಯಿದೆ ಅವನ್ನು ತಿದ್ದುವುದಿಲ್ಲ. ಅಂಥ ಕಾರಿನಲ್ಲಿ ಮದುವೆಗೋ ಜಾತ್ರೆಗೋ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೊರಟವರಿಗೆ ಉಳಿದಿರುವ ರಕ್ಷೆ ಎಂದರೆ ಸೊಂಟದ ಪಟ್ಟಿ ಮತ್ತು ಇಳಿಸಿದ ವೇಗ. ಗಾಳಿಚೀಲವಿರುವ ಕಾರಿನಲ್ಲಿಯೂ ಪಟ್ಟಿಯಿಲ್ಲದೆ ಅದು ಪೂರ್ತಿ ಕಾಯಲಾರದು.

ಬೇಲಿನ ಮೇಲಿನ ದರ್ಜೆಯನ್ನು ತಿಳಿಯದೆ ಸೊಪ್ಪು ಮಾರುವವನು ನಮ್ಮ ಸೀಮೆಯಲ್ಲಿಲ್ಲ. ಕಾರು ಕೊಳ್ಳುವಾಗಲೂ ಅಷ್ಟೇ ಎಚ್ಚರದಿಂದ, ಬಣ್ಣವನ್ನು ಕೇಳುವ ಮೊದಲು, ಈ ದರ್ಜೆಯಲ್ಲಿ ಏನಿದೆ, ಏನನ್ನು ಬಿಟ್ಟಿದ್ದೀರಿ ಎಂದು ಕೇಳೋಣ. ಬಿಟ್ಟದ್ದೇನೆಂದು ಕೇಳುವ ಗಿರಾಕಿಗಳು ಹೆಚ್ಚಿದ ಪೇಟೆಯಲ್ಲಿ ಬಿಡುವ ಧೈರ್ಯ ಮಾರುವವನಿಗೆ ಕಡಮೆಯಾಗುತ್ತದೆ.