ಮೊಬೈಲಿಗೆ ಕೇಳಿದ ಪ್ರಶ್ನೆಗೆ ಉತ್ತರ ಬರುವ ಬಗೆ
(ಭದ್ರಾವತಿಯ ರೈತರಿಗಾಗಿ ಮಾಡಿದ ಭಾಷಣ)



1965ರಲ್ಲಿ ಆಕಾಶವಾಣಿ ಕೇಂದ್ರ ಬಂದಂದಿನಿಂದ ಭದ್ರಾವತಿಯ ರೈತರಿಗೆ ಬೇಸಾಯದ ಸಲಹೆಯನ್ನು ಕಿವಿಯಿಂದ ಪಡೆಯುವುದು ರೂಢಿಯಾಗಿದೆ. ಈಗ ಮೊಬೈಲಿಗೆ "ಅಡಿಕೆಗೆ ಕೊಳೆ ಬಂದಿದೆ, ಏನು ಮಾಡಲಿ?" ಎಂದು ಕೇಳಿದರೂ ಉತ್ತರ ದೊರೆಯುತ್ತದೆ. ಇದರ ಹಿಂದೆ ನಾಲ್ಕು ಕೆಲಸಗಳು ಸಾಲಾಗಿ ನಡೆಯಬೇಕು.

ಮೊದಲನೆಯದು, ನಿಮ್ಮ ಮಾತನ್ನು ಅಕ್ಷರಕ್ಕೆ ಇಳಿಸುವುದು. ಎರಡನೆಯದು, ಪದದ ಅರ್ಥವನ್ನು ಹಿಡಿಯುವುದು. 'ಕೊಳೆಗೆ', 'ಕೊಳೆಯಿಂದ' ಎಂದರೂ ಮೂಲಪದ 'ಕೊಳೆ'ಯೇ. ದಕ್ಷಿಣ ಕನ್ನಡದ 'ಮಹಾಳಿ'ಯೂ ಅದೇ ರೋಗ. ಆದರೆ ಬಟ್ಟೆಯ ಕೊಳೆ ಬೇರೆ. ಮೂರನೆಯದು, ಹೊಂದುವ ಬರಹವನ್ನು ಹುಡುಕಿ, ಅದು ಇಂಗ್ಲಿಷಿನಲ್ಲಿದ್ದರೆ ಕನ್ನಡಕ್ಕೆ ತಿರುಗಿಸುವುದು. ನಾಲ್ಕನೆಯದು, ಉತ್ತರವನ್ನು ಓದಿ ಹೇಳುವುದು. ಭಾರತೀಯ ಭಾಷೆಗಳಿಗೆ ಇಂತಹ ಸಾಧನಗಳನ್ನು ಒದಗಿಸಲೆಂದೇ ಕೇಂದ್ರ ಸರ್ಕಾರವು 2022ರಲ್ಲಿ 'ಭಾಷಿಣಿ'ಯನ್ನು ಆರಂಭಿಸಿತು.

ಕಾಲುವೆಯ ಒಂದು ತೂಬು ಕಟ್ಟಿಕೊಂಡರೆ ಕೆಳಗಿನ ಗದ್ದೆಗೆ ನೀರಿಲ್ಲ. ಹಾಗೆಯೇ ಒಂದು ಹಂತ ತಪ್ಪಿದರೆ ಉತ್ತರವೇ ತಪ್ಪುತ್ತದೆ. ಕೊಳೆಗೆ ಕೇಳಿದಾಗ ಎಲೆಚುಕ್ಕೆಯ ಔಷಧಿ ಹೇಳಿಬಿಟ್ಟರೆ ಮಳೆ ಕಾಯುವುದಿಲ್ಲ, ಕಾಯಿ ಉದುರುತ್ತದೆ.

ಆದ್ದರಿಂದ ಬೆಳೆ, ರೋಗದ ಹೆಸರು, ಚಿಹ್ನೆ ಮೂರನ್ನೂ ಬಿಡಿಸಿ ಹೇಳಿರಿ. ಬಂದ ಪ್ರಮಾಣವನ್ನು ತಾಳೆ ನೋಡಿರಿ: ಶೇಕಡ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಸಂದೇಹವಿದ್ದರೆ ಸಿಂಪಡಿಸುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೂ ಕರೆ ಮಾಡಬಹುದು.