ಇಂಗ್ಲಿಷ್ ಬಿ.ಎ. ಮತ್ತು ಮೊದಲ ಸಂಬಳ

ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಿಂದ ಬಂದಿರುವ ಪದವೀಧರ ಗೆಳೆಯರೇ,

ಜಿ. ಮಾದೇಗೌಡರು ಈ ಕೆ.ಎಂ. ದೊಡ್ಡಿಯಲ್ಲಿ ಭಾರತಿ ವಿದ್ಯಾಸಂಸ್ಥೆಗಳನ್ನು ಕಟ್ಟದೆ ಹೋಗಿದ್ದರೆ ನಿಮ್ಮಲ್ಲಿ ಎಷ್ಟೋ ಜನ ಪಿಯುಸಿಗೇ ನಿಲ್ಲುತ್ತಿದ್ದಿರಿ. ಹೆಣ್ಣುಮಕ್ಕಳು ಇನ್ನೂ ಮೊದಲೇ. ಈಗ ಕಬ್ಬಿನ ಗದ್ದೆ ಬದುವಿನಿಂದ ಬಂದವರು ಐಚ್ಛಿಕ ಇಂಗ್ಲಿಷ್ ತಗೊಂಡು ಷೇಕ್ಸ್‌ಪಿಯರ್ ಓದಿ ಪಾಸಾಗಿದ್ದೀರಿ. ಮನೆಯಲ್ಲಿ ಅವ್ವ ಅಪ್ಪ ಅನ್ನುವುದೇನು? "ಇಂಗ್ಲೀಸೇ ಓದವ್ನೆ, ಇವ್ನಿಗೆ ಕೆಲ್ಸ ಇಲ್ಲ ಅಂದ್ರೆ ಇನ್ಯಾರಿಗಿದ್ದದು?" ಅವರ ಲೆಕ್ಕ ತಪ್ಪು ಅನ್ನಲಾರೆ. ಒಂದು ಕಾಲಕ್ಕೆ ಅದು ಸರಿಯಾಗಿಯೇ ಇತ್ತು.

ಈಚೆಗೆ ಕೆಲವರು ತಮ್ಮ ರೆಸ್ಯೂಮೆ ತಂದು ತೋರಿಸಿದರು. ಎಲ್ಲದರ ತಲೆಯ ಮೇಲೂ ಅದೇ ವಾಕ್ಯ: 'ಟು ಸೀಕ್ ಎ ಚಾಲೆಂಜಿಂಗ್ ಪೊಸಿಷನ್ ಇನ್ ಎ ರೆಪ್ಯೂಟೆಡ್ ಆರ್ಗನೈಸೇಷನ್'. ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಯಾರೋ ಎಂದೋ ಉಳಿಸಿಟ್ಟ ಫೈಲು. ಹೆಸರು, ಜನ್ಮ ದಿನಾಂಕ ಬದಲಾಗಿದೆ ಅಷ್ಟೆ. ಒಬ್ಬ ಹುಡುಗನ ಹಾಳೆಯಲ್ಲಿ ಹಿಂದಿನವನ ತಂದೆಯ ಹೆಸರೇ ಉಳಿದುಬಿಟ್ಟಿತ್ತು. ಮೂರು ವರ್ಷ ಇಂಗ್ಲಿಷ್ ಓದಿದವನು ತನ್ನ ಬಗ್ಗೆ ಎರಡು ಸಾಲು ಬರೆಯಲು ಹೆದರುತ್ತಾನೆಂದರೆ ಅವನೊಬ್ಬನನ್ನೇ ಬೈದು ಫಲವಿಲ್ಲ. ಮೇಷ್ಟರಾದ ನಾವು ನೋಟ್ಸ್ ಬರೆಸಿದೆವು, ಅವನು ಬಾಯಿಪಾಠ ಮಾಡಿದ, ವಿಶ್ವವಿದ್ಯಾನಿಲಯ ಅಂಕ ಕೊಟ್ಟಿತು. ಸ್ವಂತ ವಾಕ್ಯ ಯಾರಿಗೂ ಬೇಕಾಗಿರಲಿಲ್ಲ. ಮೊದಲ ಕೆಲಸ ಕೊಡುವವನು ಕೇಳುವುದು ಮಾತ್ರ ಅದನ್ನೇ.

ಮೇಷ್ಟರ ಕೆಲಸ ನಿಮ್ಮೆಲ್ಲರ ಮನಸ್ಸಿನಲ್ಲಿದೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ, ಕಲಿಸುವವರು ಬೇಕು, ನಿಜ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಇಂಗ್ಲಿಷಿನವರಿಗೂ ಪಾಲಿತ್ತು. ಆದರೆ ಬಿ.ಎ. ಆದಮೇಲೆ ಬಿ.ಇಡಿ., ಟಿಇಟಿ, ಅದರ ಮೇಲೆ ಸ್ಪರ್ಧಾತ್ಮಕ ಪರೀಕ್ಷೆ. ಅಧಿಸೂಚನೆಯೋ, ಬಂದಾಗ ಬಂತು. ಅಲ್ಲಿಯ ತನಕ ಊಟಕ್ಕೆ? 2024ರಲ್ಲಿ ಶುರುವಾದ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ಅದೂ ಪಾಸಾಗಿ ಆರು ತಿಂಗಳು ಕೆಲಸ ಸಿಗದಿದ್ದರೆ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಶುಲ್ಕ, ಬಸ್ ಚಾರ್ಜಿಗೆ ಆದೀತು.

ಬೆಂಗಳೂರಿನ ಕಾಲ್ ಸೆಂಟರ್ ಅಂದರೆ ಮೂಗು ಮುರಿಯಬೇಡಿ. ರಾತ್ರಿ ಪಾಳಿ, ಪಿಜಿ ಬಾಡಿಗೆ ಕಳೆದರೆ ಉಳಿಯುವುದು ಕಡಿಮೆಯೇ, ಆದರೂ ಬಾಯಿ ಬಿಡಿಸುತ್ತದೆ. ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವ ಕನ್ಸಲ್ಟೆನ್ಸಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.

ನನಗೆ ಹೆಚ್ಚು ಭರವಸೆ ಇರುವುದು ಬೇರೆ ಕಡೆ, ಕನ್ನಡ ಇಂಗ್ಲಿಷ್ ಎರಡನ್ನೂ ಬಲ್ಲವರ ಕೆಲಸದಲ್ಲಿ. ನಾಗಮಂಗಲದ ಬೆಳ್ಳೂರಿನ ಮನೆತನದ ಬಿ.ಎಂ.ಶ್ರೀ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. 'ಇಂಗ್ಲಿಷ್ ಗೀತಗಳು' ಕೊಟ್ಟಿದ್ದು ಕನ್ನಡಕ್ಕೆ. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರೂ ಇಂಗ್ಲಿಷ್ ಮೇಷ್ಟರೇ. ಅಷ್ಟು ದೊಡ್ಡವರಾಗಿ ಎಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಭಾಷೆ ಗಟ್ಟಿಯಿರುವವರು ಇವತ್ತೂ ಸಿಗುವುದು ಕಷ್ಟ. ಬ್ಯಾಂಕಿನ ಸಾಲದ ಕರಾರು, ವಿಮೆ ನಿರಾಕರಿಸಿದ ಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಎಲ್ಲ ಇಂಗ್ಲಿಷಿನಲ್ಲಿ. ಸಹಿ ಹಾಕುವ ರೈತ ಕನ್ನಡದವನು. ಆ್ಯಪ್ ಮಾಡುವ ಕಂಪನಿಗಳು, ಸುದ್ದಿಮನೆಗಳು, ಸ್ವಯಂಸೇವಾ ಸಂಸ್ಥೆಗಳಿಗೂ ಇದೇ ತಾಪತ್ರಯ. ಯಂತ್ರ ಅನುವಾದ ಬಂದಿದೆಯಲ್ಲ ಅನ್ನುತ್ತೀರಿ. ಅದು ಮಾಡಿದ್ದನ್ನು ತಿದ್ದುವುದಕ್ಕೂ ಎರಡೂ ಬಲ್ಲವರೇ ಬೇಕು. ನಿಮ್ಮಲ್ಲಿ ಕನ್ನಡ ಆಗಲೇ ಇದೆ, ಅದನ್ನು ಬಿಟ್ಟು ಇಂಟರ್‌ವ್ಯೂಗೆ ಹೋಗಬೇಡಿ.

ಈ ಸಭೆಯ ಅಧ್ಯಕ್ಷನಾಗಿ ಎರಡು ನಿರ್ಣಯ ಮಂಡಿಸುತ್ತೇನೆ, ಮಧ್ಯಾಹ್ನದ ಗೋಷ್ಠಿಯಲ್ಲಿ ಚರ್ಚೆಯಾಗಲಿ. ಅಂತಿಮ ವರ್ಷದ ಪ್ರತಿ ವಿದ್ಯಾರ್ಥಿಯೂ ವಾರಕ್ಕೊಂದು ಪುಟ ಸ್ವಂತವಾಗಿ ಬರೆಯಬೇಕು, ಅಧ್ಯಾಪಕರು ಕೆಂಪು ಶಾಯಿಯಲ್ಲಿ ತಿದ್ದಿ ಕೊಡಬೇಕು. ಇನ್ನೊಂದು, ಇಲ್ಲಿನ ಸಕ್ಕರೆ ಕಾರ್ಖಾನೆ, ಬ್ಯಾಂಕ್ ಶಾಖೆ, ನರ್ಸಿಂಗ್ ಹೋಮ್‌ಗಳು ವರ್ಷಕ್ಕೆ ಇಬ್ಬಿಬ್ಬರನ್ನು ಆರು ತಿಂಗಳು ತರಬೇತಿಗೆ ತೆಗೆದುಕೊಳ್ಳಲಿ, ಬಿಟ್ಟಿ ಅಲ್ಲ, ಸ್ಟೈಪೆಂಡ್ ಕೊಟ್ಟು. ಅವರ ಪ್ರತಿನಿಧಿಗಳು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಊಟಕ್ಕೆ ಏಳುವ ಮೊದಲು ಅವರ ಉತ್ತರ ಕೇಳೋಣ.